ಡಾಫ್ ಕಾರು, ವ್ಯಾನು, ಲಾರಿ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್, ವೆಲ್ಡ್‌ಹೋವನ್ ಕಡೆ ಕೆಲಸಕ್ಕೆ ಬಂದ ಕನ್ನಡಿಗರು ಇಲ್ಲಿನ ರಸ್ತೆಯಲ್ಲಿ ಭಾನುವಾರ ಯಾವುದೋ ಪುಟ್ಟ ಹಳೆ ಕಾರು ಸುಯ್ಯೆಂದು ಹೋದದ್ದನ್ನು ನೋಡಿ ‘ಅದು ಯಾವ ಕಾರು’ ಎಂದು ಕೇಳುತ್ತಾರೆ. ಹೆಚ್ಚಾಗಿ ಅದು ಡಾಫ್, ಐಂಡ್‌ಹೋವನ್ನಿನದೇ ಕಂಪನಿಯ ಕಾರು. ಕೆಲವರು ಅಲ್ಲಿಗೇ ಬಿಡುತ್ತಾರೆ. ಕೆಲವರು ಒಂದನ್ನು ಕೊಂಡೇಬಿಡುತ್ತಾರೆ. ಎರಡನೆಯ ಗುಂಪಿನವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಹಳೆಯ ಡಚ್ ಕಾರು ಅಂದರೆ ಡಾಫ್ ಒಂದೇನಾ?

ಒಂದೇ ಅಲ್ಲ, ಆದರೆ ದೊಡ್ಡ ಸಂಖ್ಯೆಯಲ್ಲಿ ತಯಾರಾಗಿ ಜನಸಾಮಾನ್ಯರ ಮನೆಮುಂದೆ ನಿಂತದ್ದು ಡಾಫ್. ಇದಕ್ಕಿಂತ ಮೊದಲು ಸ್ಪೈಕರ್ ಇತ್ತು, ಅದು ಸಿರಿವಂತರ ಕಾರು. 1974ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಿಟ್‌ಕಾರ್ ಎಂಬ ಬಿಳಿಯ, ಮೂರು ಚಕ್ರದ ಬ್ಯಾಟರಿ ಗಾಡಿ ಬಂತು. ಊರಿನ ಜನ ಒಂದು ನಿಲ್ದಾಣದಲ್ಲಿ ಹತ್ತಿ ಇನ್ನೊಂದರಲ್ಲಿ ಬಿಟ್ಟು ಹೋಗಲಿ ಎಂಬುದು ಅದನ್ನು ಕಲ್ಪಿಸಿದ ಲುಡ್ ಸ್ಕಿಮ್ಮೆಲ್‌ಪೆನ್ನಿಂಕ್ ಅವರ ಆಸೆ. ಇಂದಿನ ಬಾಡಿಗೆ ಆ್ಯಪ್‌ಗಳು ಮಾಡುತ್ತಿರುವುದೂ ಅದನ್ನೇ. ಆ ಗಾಡಿಗಳನ್ನು ಕಟ್ಟಿಕೊಟ್ಟದ್ದು ಸ್ಪೈಕ್‌ಸ್ಟಾಲ್ ಎಂಬ ಸಂಸ್ಥೆ. ಮನೆಬಾಗಿಲಿಗೆ ದಿನಸಿ ತರುತ್ತಿದ್ದ ಬ್ಯಾಟರಿ ಅಂಗಡಿ ಗಾಡಿಗಳನ್ನು ಮಾಡುತ್ತಿದ್ದುದೂ ಅದೇ ಸಂಸ್ಥೆ. ಇವೆಲ್ಲ ಸಂಗ್ರಹಕ್ಕೆ ಯೋಗ್ಯವೇ. ಆದರೆ ಕೊಳ್ಳಲು ಸಿಗುವುದು, ಬಿಡಿಭಾಗ ದೊರೆಯುವುದು, ಕೆಟ್ಟರೆ ಕೇಳಲು ಜನ ಇರುವುದು ಡಾಫ್‌ಗೆ. ಆದ್ದರಿಂದ ಮುಂದಿನ ಉತ್ತರಗಳೆಲ್ಲ ಹೆಚ್ಚುಕಡಿಮೆ ಡಾಫ್ ಕುರಿತೇ.

ಡಾಫ್ ಲಾರಿ ಕಂಪನಿಯಲ್ಲವೇ? ಕಾರು ಯಾವಾಗ ಮಾಡಿದರು?

ಹುಬ್ ಫಾನ್ ಡೋರ್ನ 1928ರಲ್ಲಿ ಐಂಡ್‌ಹೋವನ್‌ನಲ್ಲಿ ಒಂದು ಚಿಕ್ಕ ಕಬ್ಬಿಣದ ಕೆಲಸದ ಶೆಡ್ ಹಾಕಿದರು. ತಮ್ಮ ವಿಮ್ ಜೊತೆಗೂಡಿದರು. ಕೆಲವೇ ವರ್ಷಗಳಲ್ಲಿ ಅದು ಟ್ರೇಲರ್ ಕಾರ್ಖಾನೆಯಾಯಿತು. ಎರಡನೇ ಮಹಾಯುದ್ಧದ ನಂತರ, 1949ರಿಂದ ಲಾರಿ. ಕಾರು ಬಂದದ್ದು ಆಮೇಲೆ: 1958ರ ಫೆಬ್ರುವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್ ವಾಹನ ಪ್ರದರ್ಶನದಲ್ಲಿ ಡಾಫ್ 600 ಕಾಣಿಸಿಕೊಂಡಿತು, ಮರುವರ್ಷ ತಯಾರಿಕೆ ಶುರುವಾಯಿತು. 590 ಸಿಸಿಯ, ಗಾಳಿಯಿಂದ ತಣಿಯುವ ಎರಡು ಸಿಲಿಂಡರ್ ಎಂಜಿನ್, 22 ಅಶ್ವಶಕ್ತಿ, ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗ. ಕ್ಲಚ್ ಪೆಡಲ್ ಇಲ್ಲ, ಗೇರ್ ಹಾಕುವ ಗೋಜಿಲ್ಲ. ಆಗಿನ ಯುರೋಪಿನಲ್ಲಿ ಆಟೊಮ್ಯಾಟಿಕ್ ಅಂದರೆ ದೊಡ್ಡ ಕಾರಿನ ವೈಭೋಗ. ಅದನ್ನು ಶಾಲಾ ಮೇಷ್ಟ್ರು ಕೊಳ್ಳಬಹುದಾದ ಕಾರಿಗೆ ತಂದದ್ದು ಈ ಅಣ್ಣತಮ್ಮಂದಿರು.

ಕಾರು ತಯಾರಿಕೆ 1975ರವರೆಗೆ ಡಾಫ್ ಕೈಯಲ್ಲಿತ್ತು. ಆಮೇಲೆ ವೋಲ್ವೋ ಪಾಲಾಯಿತು. ಲಾರಿ ಮಾತ್ರ ಇವತ್ತಿಗೂ ಐಂಡ್‌ಹೋವನ್‌ನಲ್ಲೇ ತಯಾರಾಗುತ್ತದೆ, ಈಗಿನ ಒಡೆಯರು ಅಮೆರಿಕದ ಪ್ಯಾಕಾರ್.

ಡಾಫ್‌ನ ಗೇರ್ ಹಾಕಬೇಕಿಲ್ಲದ ವ್ಯವಸ್ಥೆಗೆ ವೇರಿಯೊಮ್ಯಾಟಿಕ್ ಅಂತಾರಲ್ಲ, ಅದು ಹೇಗೆ ಕೆಲಸ ಮಾಡುತ್ತದೆ?

ನೀವು ಊರಿನಲ್ಲಿ ಆಕ್ಟಿವಾ ಓಡಿಸಿದ್ದರೆ ಇದರ ಅರ್ಧ ನಿಮಗೆ ಗೊತ್ತಿದೆ. ಗೇರ್ ಇಲ್ಲದ ಸ್ಕೂಟರ್‌ನಲ್ಲಿರುವುದೂ ಅಗಲ ಬದಲಾಗುವ ಎರಡು ಪುಲ್ಲಿ, ನಡುವೆ ಒಂದು ರಬ್ಬರ್ ಬೆಲ್ಟ್. ಡಾಫ್‌ನಲ್ಲಿ ಅದು ಕಾರಿನ ತೂಕ ಎಳೆಯುವಷ್ಟು ದೊಡ್ಡದಾಗಿದೆ, ಅಷ್ಟೇ ಅಲ್ಲ, ಒಂದರ ಬದಲು ಎರಡಿದೆ.

ಎಂಜಿನ್ ಮುಂದೆ. ಅದರ ಹಿಂದೆ ವೇಗ ಏರಿದಾಗ ತಾನಾಗಿ ಹಿಡಿಯುವ ಕ್ಲಚ್. ಅಲ್ಲಿಂದ ಉದ್ದನೆಯ ಶಾಫ್ಟ್ ಕಾರಿನ ಹಿಂಭಾಗಕ್ಕೆ ಹೋಗಿ ಎಡಕ್ಕೊಂದು ಬಲಕ್ಕೊಂದು ಪುಲ್ಲಿಯನ್ನು ತಿರುಗಿಸುತ್ತದೆ. ಪ್ರತಿ ಪುಲ್ಲಿಯಿಂದ ಒಂದೊಂದು ಬೆಲ್ಟು ಹಿಂದಿನ ಪುಲ್ಲಿಗೆ, ಅಲ್ಲಿಂದ ಆಯಾ ಬದಿಯ ಚಕ್ರಕ್ಕೆ. ಪುಲ್ಲಿ ಎಂದರೆ ಎದುರುಬದುರಾಗಿ ಕೂತ ಎರಡು ತಟ್ಟೆ. ತಟ್ಟೆಗಳು ಹತ್ತಿರವಾದರೆ ಬೆಲ್ಟು ಅಂಚಿಗೆ ಏರುತ್ತದೆ, ದೂರವಾದರೆ ಒಳಕ್ಕೆ ಇಳಿಯುತ್ತದೆ. ಮುಂದಿನ ಪುಲ್ಲಿಯಲ್ಲಿ ಏರಿದಷ್ಟು ಹಿಂದಿನದರಲ್ಲಿ ಇಳಿಯುತ್ತದೆ. ಗೇರ್ ಬದಲಾಯಿಸಿದ ಫಲ ಸಿಕ್ಕಿತು, ಆದರೆ ಮೆಟ್ಟಿಲಿಲ್ಲ, ಜರ್ಕ್ ಇಲ್ಲ.

ತಟ್ಟೆಗಳನ್ನು ಸರಿಸುವುದು ಎರಡು ಬಲ. ಒಂದು, ತಿರುಗುವ ತೂಕದ ಗುಂಡುಗಳು: ವೇಗ ಹೆಚ್ಚಿದಂತೆ ಅವು ಹೊರಕ್ಕೆ ಹಾರಿ ತಟ್ಟೆಯನ್ನು ಒತ್ತುತ್ತವೆ. ಇನ್ನೊಂದು, ಎಂಜಿನ್ ಉಸಿರೆಳೆಯುವಾಗ ಹುಟ್ಟುವ ವ್ಯಾಕ್ಯೂಮ್: ನೀವು ಆಕ್ಸಿಲರೇಟರ್ ಎಷ್ಟು ತುಳಿದಿದ್ದೀರಿ ಎನ್ನುವುದು ಅದರ ಮೂಲಕ ಪುಲ್ಲಿಗೆ ತಲುಪುತ್ತದೆ. ಪೂರ್ತಿ ತುಳಿದರೆ ಎಳೆತಕ್ಕೆ ತಕ್ಕ ಅನುಪಾತ, ಹಗುರಾಗಿ ತುಳಿದರೆ ಸಾವಕಾಶದ ಓಟಕ್ಕೆ ತಕ್ಕ ಅನುಪಾತ. ಕಂಪ್ಯೂಟರ್ ಬಿಡಿ, ಒಂದು ಟ್ರಾನ್ಸಿಸ್ಟರ್ ಕೂಡ ಇಲ್ಲದೆ ಇಷ್ಟು ಯೋಚಿಸುವ ಯಂತ್ರ ಇದು. ಮೊದಲ ಸಲ ಕಾರಿನ ಅಡಿಗೆ ತೂರಿ ಇದನ್ನು ನೋಡಿದಾಗ ನನಗೆ ಆದ ಸಂತೋಷ ಈಗಲೂ ಕಡಿಮೆಯಾಗಿಲ್ಲ.

ಇದರ ಸಂತತಿ ನಮ್ಮಲ್ಲೂ ಓಡುತ್ತಿದೆ. ರಬ್ಬರ್ ಬೆಲ್ಟಿನ ಜಾಗಕ್ಕೆ ಉಕ್ಕಿನ ತುಣುಕುಗಳ ಬೆಲ್ಟನ್ನು ತಂದದ್ದು ಹುಬ್ ಫಾನ್ ಡೋರ್ನ ಅವರ ಟ್ರಾನ್ಸ್‌ಮಿಷನ್ ಸಂಸ್ಥೆಯೇ. ಟಿಲ್‌ಬರ್ಗ್‌ನ ಆ ಸಂಸ್ಥೆ 1995ರಲ್ಲಿ ಬಾಷ್ ಪಾಲಾಯಿತು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ತೆವಳುವ ಸಿವಿಟಿ (ಮೆಟ್ಟಿಲಿಲ್ಲದೆ ಅನುಪಾತ ಬದಲಿಸುವ ಆಟೊಮ್ಯಾಟಿಕ್) ಕಾರುಗಳ ಒಳಗಿರುವ ವಿದ್ಯೆಯ ಬೇರು ಅಲ್ಲಿದೆ.

ಡಾಫ್ ಹಿಂದಕ್ಕೂ ಅಷ್ಟೇ ವೇಗವಾಗಿ ಓಡುತ್ತದಂತೆ, ನಿಜವೇ?

ನಿಜ. ರಿವರ್ಸ್ ಗೇರ್ ಇರುವುದು ಪುಲ್ಲಿಗಳಿಗಿಂತ ಮೊದಲು. ಆದ್ದರಿಂದ ಹಿಂದಕ್ಕೆ ಹೋಗುವಾಗಲೂ ಬೆಲ್ಟು ತನ್ನ ಪೂರ್ತಿ ಆಟ ಆಡುತ್ತದೆ. ಒಂದು ಕಾಲದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹಿಂದು-ಮುಂದಾಗಿ ಓಡಿಸುವ ರೇಸು ನಡೆಸಿ, ಟಿವಿಯಲ್ಲಿ ತೋರಿಸಿ, ಜನ ನಕ್ಕರು. ಆ ನಗುವಿಗೆ ಎಷ್ಟು ಒಳ್ಳೆಯ ಡಾಫ್‌ಗಳು ಪಲ್ಟಿ ಹೊಡೆದು ಗುಜರಿ ಸೇರಿದವು ಎಂದು ನೆನೆದರೆ ಈಗ ಸಂಕಟವಾಗುತ್ತದೆ. ದಯವಿಟ್ಟು ನಿಮ್ಮ ಕಾರಿನಲ್ಲಿ ಮಾಡಿ ನೋಡಬೇಡಿ. ಹಿಂದಕ್ಕೆ ವೇಗವಾಗಿ ಹೋಗುವಾಗ ಸ್ಟೀರಿಂಗ್ ತೀರಾ ಅಪಾಯಕಾರಿ.

ಮೊದಲ ಕಾರಿಗೆ ಯಾವ ಮಾಡೆಲ್ ಕೊಳ್ಳಲಿ?

ನನ್ನ ಸಲಹೆ 44. ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ಬರೆದ ಆಕಾರ, 844 ಸಿಸಿಯ ಎರಡು ಸಿಲಿಂಡರ್, 34 ಅಶ್ವಶಕ್ತಿ. 1966ರಿಂದ 1974ರವರೆಗೆ ಬಂತು, ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು, ಆದ್ದರಿಂದ ಬಿಡಿಭಾಗವೂ ತಿಳಿದವರೂ ಸಿಗುತ್ತಾರೆ. ನಾಲ್ಕು ಜನ ಕೂತು ಹೋಗಬಹುದು. ಎಂಜಿನ್ ಸರಳ, ಬಾನೆಟ್ ಎತ್ತಿದರೆ ಎಲ್ಲವೂ ಕೈಗೆ ಎಟಕುತ್ತದೆ.

600 ಮತ್ತು ಅದರ ನಂತರದ 750, ಡ್ಯಾಫೊಡಿಲ್ ಬಹಳ ಮುದ್ದಾಗಿವೆ, ಆದರೆ ಇಂದಿನ ರಸ್ತೆಗೆ ನಿಧಾನ. ಅವುಗಳಿಂದ ಬೆಳೆದ 33 ಇನ್ನೂ ಸಾಕಷ್ಟು ಸಿಗುತ್ತದೆ, ಹಳ್ಳಿ ರಸ್ತೆಯ ಓಡಾಟಕ್ಕೆ ಹೇಳಿ ಮಾಡಿಸಿದ್ದು. ಹೆದ್ದಾರಿಗೆ ಇಳಿಯಲೇಬೇಕು ಎನ್ನುವವರು 55 ಅಥವಾ 66 ನೋಡಿ. ಇವಕ್ಕೆ ರೆನೊ ಕಂಪನಿಯ ನೀರಿನಿಂದ ತಣಿಯುವ 1108 ಸಿಸಿ ನಾಲ್ಕು ಸಿಲಿಂಡರ್ ಎಂಜಿನ್ ಇದೆ, 66ರಲ್ಲಿ 1289 ಸಿಸಿಯದೂ ಬಂತು. 66ರ ಹಿಂಭಾಗದ ಆಕ್ಸಲ್ ಬೇರೆಯೇ, ಎರಡು ಚಕ್ರಗಳನ್ನು ಒಂದು ಗಟ್ಟಿ ಕೊಳವೆಯಿಂದ ಜೋಡಿಸುವ ಡಿ ದಿಯೋನ್ ಮಾದರಿಯದು. ತಿರುವಿನಲ್ಲಿ ಹಿಂದಿನ ಮಾಡೆಲ್‌ಗಳಿಗಿಂತ ಎಷ್ಟೋ ಭರವಸೆಯಿಂದ ನಿಲ್ಲುತ್ತದೆ.

ಕೂಪೆ, ಅಂದರೆ ಇಳಿಜಾರು ಬೆನ್ನಿನ ಮಾದರಿ, ಚೆಂದ, ಎಲ್ಲರಿಗೂ ಅದೇ ಬೇಕು, ಆದ್ದರಿಂದ ಬೆಲೆಯೂ ಏರಿದೆ. ಮ್ಯಾರಥಾನ್ ಎಂಬ ಹೆಸರಿನ 55 ಇನ್ನೂ ದುಬಾರಿ. 1968ರ ಲಂಡನ್–ಸಿಡ್ನಿ ಓಟದಲ್ಲಿ ಡಾಫ್ ಭಾಗವಹಿಸಿದ ನೆನಪಿಗೆ ಬಂದ ಮಾಡೆಲ್ ಅದು. ಮೊದಲ ಕಾರಿಗೆ ಎರಡೂ ಬೇಡ. ಕಲಿಯುವ ಕೈಗೆ ನಾಲ್ಕು ಜನ ಓಡಿಸಿ ಬಳಸಿದ ಸಾದಾ 44 ಸಾಕು.

46 ಬಗ್ಗೆ ಒಂದು ಮಾತು. ಅದಕ್ಕೆ ಎರಡರ ಬದಲು ಒಂದೇ ಬೆಲ್ಟು. 1974ರಿಂದ 1976ರವರೆಗೆ ಮಾತ್ರ ಬಂದದ್ದು. ಓಡಿಸಲು ಹಿತ, ಆದರೆ ಅದಕ್ಕೇ ಬೇಕಾದ ಭಾಗಗಳಿಗೆ ಹೆಚ್ಚು ಹುಡುಕಬೇಕು.

ವೋಲ್ವೋ 66 ಡಾಫ್ ಲೆಕ್ಕಕ್ಕೆ ಬರುತ್ತದೆಯೇ?

ಬರುತ್ತದೆ. 1972ರಲ್ಲಿ ವೋಲ್ವೋ ಡಾಫ್ ಕಾರು ವಿಭಾಗದ ಮೂರನೇ ಒಂದು ಪಾಲು ಕೊಂಡಿತು, 1975ರಲ್ಲಿ ಮುಕ್ಕಾಲು ಪಾಲು. ಡಾಫ್ 66ಕ್ಕೆ ದಪ್ಪ ಬಂಪರ್, ಬೇರೆ ಗ್ರಿಲ್, ಹೊಸ ಹೆಸರು ಬಂದು ಅದು 1980ರವರೆಗೆ ಓಡಿತು. ಡಾಫ್ 77 ಎಂದು ರೂಪುಗೊಳ್ಳುತ್ತಿದ್ದ ಕಾರು ವೋಲ್ವೋ 343 ಆಗಿ ಹೊರಬಂತು. ಇವನ್ನು ಕಟ್ಟಿದ್ದು ಲಿಂಬರ್ಗ್ ಪ್ರಾಂತ್ಯದ ಬಾರ್ನ್ ಕಾರ್ಖಾನೆಯಲ್ಲಿ. ಕಲ್ಲಿದ್ದಲು ಗಣಿಗಳು ಮುಚ್ಚಿ ಕೆಲಸ ಕಳೆದುಕೊಂಡ ಸೀಮೆಗೆ ಆಸರೆಯಾಗಲೆಂದು 1960ರ ದಶಕದ ಕೊನೆಗೆ ತೆರೆದ ಕಾರ್ಖಾನೆ ಅದು. ಲಾಂಛನ ನೋಡಿ ಮೂಗು ಮುರಿಯುವವರು ಇದ್ದಾರೆ. ನಾನು ಅವರ ಮಾತು ಒಪ್ಪುವುದಿಲ್ಲ. ಅದೇ ಬೆಲ್ಟು, ಅದೇ ಎಂಜಿನ್, ಬೆಲೆ ಕಡಿಮೆ.

ಕೊಳ್ಳುವ ಮುನ್ನ ಏನೇನು ನೋಡಬೇಕು?

ತುಕ್ಕು. ಆಮೇಲೆ ತುಕ್ಕು. ಉಳಿದದ್ದೆಲ್ಲ ಆಮೇಲೆ.

ಹೊಸಬರೆಲ್ಲ ಬೆಲ್ಟಿಗೆ ಹೆದರಿ ಬೆಲ್ಟನ್ನೇ ನೋಡುತ್ತಾರೆ. ಬೆಲ್ಟು ಬದಲಾಯಿಸುವುದು ಒಂದು ಮಧ್ಯಾಹ್ನದ ಕೆಲಸ. ಬಾಡಿಯ ತಗಡು ಕಟ್ಟಿಸುವುದು ಒಂದು ಇಡೀ ಚಳಿಗಾಲದ ಕೆಲಸ, ಖರ್ಚು ಕಾರಿನ ಬೆಲೆಯನ್ನೂ ಮೀರುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಈ ಕಾರುಗಳಿಗೆ ಪ್ರತ್ಯೇಕ ಚಾಸಿ ಇಲ್ಲ, ತಗಡಿನ ಪೆಟ್ಟಿಗೆಯೇ ಬೆನ್ನೆಲುಬು.

ಒಂದು ಆಯಸ್ಕಾಂತ, ಒಂದು ಟಾರ್ಚ್, ಮೊಂಡು ಸ್ಕ್ರೂಡ್ರೈವರ್ ಒಯ್ಯಿರಿ. ಬಾಗಿಲಿನ ಕೆಳಗಿನ ಉದ್ದನೆಯ ಪಟ್ಟಿಗೆ ಆಯಸ್ಕಾಂತ ಹಿಡಿಯಿರಿ. ಹಿಡಿಯದಿದ್ದರೆ ಅಲ್ಲಿ ತಗಡಿಲ್ಲ, ಪುಟ್ಟಿ ತುಂಬಿ ಬಣ್ಣ ಬಳಿದಿದ್ದಾರೆ. ಜಾಕ್ ಕೊಡುವ ಜಾಗವನ್ನು ಮಾಲೀಕರ ಅನುಮತಿ ಕೇಳಿ ಸ್ಕ್ರೂಡ್ರೈವರ್‌ನಿಂದ ಒತ್ತಿ. ಗಟ್ಟಿಯಾಗಿ ಟಣ್ ಎಂದರೆ ಸರಿ, ಕರಕರ ಎಂದು ಪುಡಿ ಉದುರಿದರೆ ಕೈಕುಲುಕಿ ಹೊರಡಿ. ಒಳಗಿನ ಮ್ಯಾಟ್ ಎತ್ತಿ ನೆಲ ನೋಡಿ, ಡಿಕ್ಕಿಯ ತಳ ನೋಡಿ, ಮುಂದಿನ ಗಾಜಿನ ಕೆಳಅಂಚು, ಚಕ್ರದ ಕಮಾನುಗಳು, ಹೆಡ್‌ಲೈಟಿನ ಸುತ್ತ ನೋಡಿ. ಹೊಳೆಯುವ ಹೊಸ ಬಣ್ಣ ಕಂಡರೆ ಖುಷಿ ಪಡುವ ಮೊದಲು ಅನುಮಾನ ಪಡಿ. ಮಾಸಿದ ಮೂಲ ಬಣ್ಣದ ಕಾರು ಸುಳ್ಳು ಹೇಳುವುದಿಲ್ಲ.

ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿಸಿ. ತಣ್ಣಗಿರುವಾಗಲೇ ನಿಮ್ಮೆದುರು ಸ್ಟಾರ್ಟ್ ಆಗಬೇಕು. ನೀವು ಹೋಗುವಷ್ಟರಲ್ಲಿ ಬಿಸಿ ಮಾಡಿಟ್ಟಿದ್ದರೆ ಕಾರಣ ಕೇಳಿ. ಕಾರಿನ ನಂಬರ್ ಪ್ಲೇಟ್ ಸಂಖ್ಯೆಯನ್ನು ಇಲ್ಲಿನ ವಾಹನ ನೋಂದಣಿ ಇಲಾಖೆಯ ತಾಣದಲ್ಲಿ ಹಾಕಿದರೆ ಮೊದಲ ನೋಂದಣಿಯ ದಿನಾಂಕದಂಥ ವಿವರ ಬಿಟ್ಟಿ ಸಿಗುತ್ತದೆ. ಹೋಗುವ ಮೊದಲೇ ನೋಡಿಕೊಳ್ಳಿ.

ಬೆಲ್ಟಿನ ಸ್ಥಿತಿ ತಿಳಿಯುವುದು ಹೇಗೆ?

ಕಾರನ್ನು ಭದ್ರವಾದ ಸ್ಟ್ಯಾಂಡ್ ಮೇಲೆ ಕೂರಿಸಿ ಕೆಳಗೆ ಮಲಗಿ. ಬೆಲ್ಟಿನ ಒಳಬದಿಯಲ್ಲಿ ಹಲ್ಲುಗಳಂತೆ ಕಚ್ಚುಗಳಿವೆ, ಬಿರುಕು ಶುರುವಾಗುವುದು ಆ ಕಚ್ಚುಗಳ ತಳದಲ್ಲಿ. ಚಕ್ರ ತಿರುಗಿಸುತ್ತಾ ಪೂರ್ತಿ ಸುತ್ತು ನೋಡಿ. ಬದಿಗಳು ಒಂದೇ ಸಮ ಮಂಕಾಗಿರಬೇಕು. ಗಾಜಿನಂತೆ ಹೊಳೆದರೆ ಬೆಲ್ಟು ಜಾರುತ್ತಿದೆ. ಎಣ್ಣೆಯ ಪಸೆ ಇದ್ದರೆ ಯಾವುದೋ ಆಯಿಲ್ ಸೀಲ್ ಹೋಗಿದೆ, ಮೊದಲು ಅದನ್ನು ಸರಿಮಾಡದೆ ಹೊಸ ಬೆಲ್ಟು ಹಾಕಿದರೆ ಹಣ ನೀರುಪಾಲು.

ನಂತರ ಮುಂದಿನ ಪುಲ್ಲಿಯ ತಟ್ಟೆಗಳ ನಡುವಿನ ಸಂದಿ ಅಳೆಯಬೇಕು. ಬೆಲ್ಟು ಸವೆದಂತೆ ಈ ಸಂದಿ ಬದಲಾಗುತ್ತದೆ. ಹಿಂದಿನ ಘಟಕವನ್ನು ಸ್ವಲ್ಪ ಸರಿಸಿ ಮತ್ತೆ ಸರಿಹೊಂದಿಸಬಹುದು. ಸರಿಯಾದ ಅಳತೆ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ವರ್ಕ್‌ಶಾಪ್ ಪುಸ್ತಕದಲ್ಲಿದೆ. ಎಡ-ಬಲ ಒಂದೇ ಆಗಿರಬೇಕು, ಬದಲಾಯಿಸುವಾಗ ಜೋಡಿಯಾಗಿಯೇ ಬದಲಾಯಿಸಬೇಕು. ಹಿಂದಿನ ಎರಡು ಟಯರ್ ಒಂದೇ ಬಗೆಯವು, ಒಂದೇ ಸವೆತದವು ಇರಲಿ, ಗಾಳಿಯೂ ಸಮ ಇರಲಿ. ಎರಡು ಬೆಲ್ಟಿನ ಕಾರಿನಲ್ಲಿ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲದಿದ್ದಾಗ ಚಕ್ರಗಳ ವ್ಯತ್ಯಾಸವನ್ನೆಲ್ಲ ಬೆಲ್ಟುಗಳೇ ನುಂಗಬೇಕು.

ತಿಂಗಳುಗಟ್ಟಲೆ ನಿಂತ ಕಾರು ಹೊರಟಾಗ ಹಿಂದಿನಿಂದ ದಬ್ ದಬ್ ಎನ್ನುತ್ತದೆ. ನಿಂತ ಭಂಗಿಯಲ್ಲೇ ಬೆಲ್ಟು ಬಾಗಿ ಗಟ್ಟಿಯಾಗಿರುತ್ತದೆ. ಕೆಲವು ಕಿಲೋಮೀಟರಿನಲ್ಲಿ ಹೋದರೆ ಚಿಂತೆಯಿಲ್ಲ, ಹೋಗದಿದ್ದರೆ ಬದಲಾಯಿಸಿ.

ದಾರಿಯಲ್ಲಿ ಬೆಲ್ಟು ಹರಿದರೆ?

ಎರಡು ಬೆಲ್ಟಿನ ಹಳೆಯ ಮಾಡೆಲ್ ಆದರೆ ಇನ್ನೊಂದರ ಮೇಲೆ ನಿಧಾನಕ್ಕೆ ಮನೆ ಸೇರಬಹುದು. ಹರಿದ ತುಂಡನ್ನು ತೆಗೆದುಹಾಕಿಯೇ ಹೊರಡಿ, ಅದು ಸುತ್ತಿಕೊಂಡರೆ ಬೇರೆ ಭಾಗಗಳೂ ಹಾಳಾಗುತ್ತವೆ. 46ರಲ್ಲಿ ಒಂದೇ ಬೆಲ್ಟು, ಹರಿದರೆ ಟೋ ಮಾಡಿಸಬೇಕು.

ವ್ಯಾನು, ಪಿಕಪ್‌ಗಳು ಯಾಕೆ ಇಷ್ಟು ಅಪರೂಪ?

ನನಗೆ ಅತ್ಯಂತ ಮುಖ್ಯ ಅನಿಸುವ ಪ್ರಶ್ನೆ ಇದು.

ಡಾಫ್ ಕಾರನ್ನು ಕೊಂಡವರಲ್ಲಿ ವಯಸ್ಸಾದವರು ಬಹಳ. ಕಾಲು ಸರಿಯಿಲ್ಲದವರು, ಗೇರು-ಕ್ಲಚ್ಚಿಗೆ ಹೆದರಿ ಲೈಸೆನ್ಸ್ ತೆಗೆದುಕೊಳ್ಳದೆ ಇದ್ದವರು ಕೂಡ ಇದನ್ನು ಕೊಂಡು ಓಡಾಡಿದರು. ಅಂಥವರು ಭಾನುವಾರ ಚರ್ಚಿಗೆ, ವಾರಕ್ಕೊಮ್ಮೆ ಮಾರುಕಟ್ಟೆಗೆ ಹೋಗಿ ಬಂದು ಗ್ಯಾರೇಜಿನಲ್ಲಿ ಒರೆಸಿ ನಿಲ್ಲಿಸಿದರು. ಆ ಕಾರುಗಳು ಉಳಿದವು. ಅದೇ ಯಂತ್ರದ ಮೇಲೆ ಕಟ್ಟಿದ 33 ಬೆಸ್ಟೆಲ್ ಎಂಬ ಸರಕು ವ್ಯಾನು, ಅದಕ್ಕೂ ಮೊದಲಿನ ಪುಟ್ಟ ಪಿಕಪ್ಪು ಬೇರೆ ಬಾಳು ಬಾಳಿದವು. ಬೇಕರಿಯವರು ಬೆಳಗಿನ ಜಾವ ಬ್ರೆಡ್ ತುಂಬಿದರು, ಬಣ್ಣ ಬಳಿಯುವವರು ಡಬ್ಬ-ಏಣಿ ಹೇರಿದರು, ಹೂ ಮಾರುವವರು ಒದ್ದೆ ಬಕೆಟ್ ಇಟ್ಟರು. ಮನೆಮನೆಗೂ ನಿಂತು ನಿಂತು ಹೋಗುವ ಕೆಲಸಕ್ಕೆ ಕ್ಲಚ್ ಇಲ್ಲದ ಗಾಡಿ ವರದಾನ. ಹೊರಗಿನಿಂದ ಉಪ್ಪು, ಒಳಗಿನಿಂದ ತೇವ. ಸಾಕಾದ ಮೇಲೆ ಯಾರೂ ಅದನ್ನು ಒರೆಸಿ ಇಡಲಿಲ್ಲ, ನೇರ ಗುಜರಿಗೆ ಕಳುಹಿಸಿದರು. ಇಲ್ಲವೇ ಹಿಂಭಾಗ ಕತ್ತರಿಸಿ ತೋಟದ ಗಾಡಿ ಮಾಡಿಕೊಂಡರು.

ಹೆಚ್ಚು ದುಡಿದದ್ದೇ ಕಡಿಮೆ ಉಳಿದಿದೆ. ಒಂದು ದೇಶ ಹೇಗೆ ಬದುಕಿತು ಎಂಬುದನ್ನು ಕೂಪೆಗಿಂತ ಆ ವ್ಯಾನು ಚೆನ್ನಾಗಿ ಹೇಳುತ್ತದೆ. ನಿಮಗೆ ಆಯ್ಕೆ ಇದ್ದು, ಜಾಗ ಇದ್ದು, ಸ್ಥಿತಿ ಸಹಿಸಬಹುದಾದಷ್ಟಿದ್ದರೆ, ಹೊಳೆಯುವ ಕೂಪೆಯನ್ನು ಬಿಟ್ಟು ಸೋರುವ ವ್ಯಾನನ್ನು ಉಳಿಸಿ. ಕೂಪೆಗೆ ಬೇರೆ ಯಾರಾದರೂ ಬಂದೇ ಬರುತ್ತಾರೆ.

ಹಳೆ ವ್ಯಾನಿನ ಮೇಲೆ ಅಂಗಡಿ ಹೆಸರಿದೆ. ಬಣ್ಣ ಹೊಡೆಸಿಬಿಡಲೇ?

ಬೇಡ. ಹೊಸದಾಗಿ ಬರೆಸಿದ ಸ್ಟಿಕ್ಕರ್ ಆದರೆ ಕೀಳಿ. ಕುಂಚದಿಂದ ಬರೆದ ಹಳೆಯ ಅಕ್ಷರವಾದರೆ, ಅರ್ಧ ಅಳಿಸಿದ್ದರೂ, ಅದು ಆ ಗಾಡಿಯ ಜಾತಕ. ಮೂರು-ನಾಲ್ಕು ಅಂಕಿಯ ಫೋನ್ ನಂಬರ್, ಊರಿನ ಹೆಸರು, ಕಸುಬು ಎಲ್ಲ ಅಲ್ಲಿರುತ್ತದೆ. ಕೆಲವೊಮ್ಮೆ ಮೇಲಿನ ಬಣ್ಣದ ಪದರವನ್ನು ನಯವಾದ ಉಜ್ಜುಕಾಗದದಿಂದ, ನೀರು ಹಾಕುತ್ತಾ, ತಾಳ್ಮೆಯಿಂದ ಉಜ್ಜಿದರೆ ಅಡಿಯಲ್ಲಿ ಅಕ್ಷರಗಳು ಏಳುತ್ತವೆ. ಮೊದಲು ಕಾಣದ ಮೂಲೆಯಲ್ಲಿ ಪ್ರಯತ್ನಿಸಿ. ತುಕ್ಕು ಹರಡದಂತೆ ಮೇಣ ಸವರಿ, ಹಾಗೇ ಬಿಡಿ. ಸಾಧ್ಯವಾದರೆ ಆ ಊರಿಗೆ ಹೋಗಿ ಅಂಗಡಿಯ ಮನೆಯವರನ್ನು ವಿಚಾರಿಸಿ. ವ್ಯಾನಿನ ಹಳೆಯ ಫೋಟೋ ಮನೆಯ ಆಲ್ಬಮ್ಮಿನಲ್ಲಿ ಸಿಗುವುದುಂಟು.

ಸ್ವೀಡನ್ ಅಂಚೆಯವರ ಹಳದಿ ಡಬ್ಬಿ ಗಾಡಿಯೂ ಡಾಫ್ ಅಂತಾರಲ್ಲ?

ಅದು ಕಲ್ಮಾರ್ ಟ್ಯೋರ್ವೆನ್. ಡಾಫ್ 44ರ ಎಂಜಿನ್, ವೇರಿಯೊಮ್ಯಾಟಿಕ್ ತೆಗೆದುಕೊಂಡು ಸ್ವೀಡನ್ನಿನ ಕಲ್ಮಾರ್ ಕಾರ್ಖಾನೆಯವರು ಅಂಚೆಗಾಗಿ ಕಟ್ಟಿದ್ದು. ಸ್ಟೀರಿಂಗ್ ಬಲಕ್ಕೆ, ಬಾಗಿಲು ಜಾರುವಂಥದ್ದು. ಸ್ವೀಡನ್ ಆಗಲೇ ರಸ್ತೆಯ ಬಲಬದಿಗೆ ಬದಲಾಗಿತ್ತು, ಆದ್ದರಿಂದ ಬಲಗಡೆ ಕೂತ ಅಂಚೆಯವನು ಇಳಿಯದೆಯೇ ರಸ್ತೆಬದಿಯ ಪೆಟ್ಟಿಗೆಗೆ ಕಾಗದ ಹಾಕಬಹುದಿತ್ತು. ಕೆಲಸ ನೋಡಿ ಗಾಡಿ ಕಟ್ಟಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ. ಮಾರಾಟಕ್ಕೆ ಬರುವುದು ಸ್ವೀಡನ್ ಕಡೆಯಿಂದಲೇ ಹೆಚ್ಚು.

ಸೇನೆಯ ಡಾಫ್‌ಗಳು?

ಚಿಕ್ಕದರಲ್ಲಿ 66 ವೈಎ: ಮೇಲೆ ಕ್ಯಾನ್ವಾಸ್, ರೆನೊ ಎಂಜಿನ್, ಅದೇ ಬೆಲ್ಟು, ಹಿಂದಿನ ಎರಡೇ ಚಕ್ರಕ್ಕೆ ಎಳೆತ. ನೋಡಲು ಜೀಪು, ಮಾಡಿದ್ದು ಕಾರಿನ ಕೆಲಸ. ದೊಡ್ಡದರಲ್ಲಿ 1950ರ ದಶಕದ ವೈಎ 126, ವೈಎ 328. ವೈಎ 126ರ ಎರಡೂ ಬದಿಗೆ ಸ್ಟೆಪ್ನಿ ಇದೆ. ಅದು ತಾನೂ ತಿರುಗುತ್ತದೆ, ದಿಣ್ಣೆ ದಾಟುವಾಗ ಗಾಡಿಯ ಹೊಟ್ಟೆ ಕೂರದಂತೆ ಉರುಳಿ ನೆರವಾಗುತ್ತದೆ. ಆರು ಚಕ್ರಕ್ಕೂ ಎಳೆತವಿರುವ 328ಕ್ಕೆ ಸೈನಿಕರು ಇಟ್ಟ ಹೆಸರು ‘ದಪ್ಪ ಡಾಫ್’. ಅದು ಕುಡಿಯುವ ಪೆಟ್ರೋಲಿಗೆ ಸಿದ್ಧರಿದ್ದರೆ ಮಾತ್ರ ಮುಂದುವರಿಯಿರಿ.

ಲಾರಿ ಸಂಗ್ರಹಿಸಬಹುದೇ?

ಮನಸ್ಸಿದ್ದರೆ ಸಾಲದು, ಶೆಡ್ ಬೇಕು. 3,500 ಕಿಲೋ ಮೀರಿದ ಗಾಡಿಗೆ ಭಾರಿ ವಾಹನದ ಲೈಸೆನ್ಸ್ ಬೇಕು. ಸಂಗ್ರಹಕಾರರು ಹಂಬಲಿಸುವುದು 1949ರ ನಂತರ ಬಂದ ಮೊದಲ ಪೀಳಿಗೆಯನ್ನು. ಮೂತಿಯ ಮೇಲೆ ಅಡ್ಡಲಾಗಿ ಏಳು ಪಟ್ಟಿಯ ಗ್ರಿಲ್, ಹಾಗಾಗಿ ‘ಏಳು ಪಟ್ಟಿ’ ಎಂದೇ ಕರೆಯುತ್ತಾರೆ. ನಂತರ 1962ರ 2600: ಚಾಲಕ ಮಲಗಲು ಕ್ಯಾಬಿನ್ನಿನಲ್ಲೇ ಜಾಗ ಕೊಟ್ಟು ಯುರೋಪಿನ ಗಡಿ ದಾಟುವ ದೂರದ ಸಾರಿಗೆಗೆ ಹೆಸರಾದ ಲಾರಿ.

ನಮ್ಮವರಿಗೆ ಒಂದು ನಂಟು ಇಲ್ಲಿದೆ. ಡಾಫ್ ತನ್ನ ಡೀಸೆಲ್ ಎಂಜಿನ್ ವಿದ್ಯೆಯನ್ನು ಕಲಿತದ್ದು ಬ್ರಿಟನ್ನಿನ ಲೇಲ್ಯಾಂಡ್ ಕಂಪನಿಯಿಂದ ಲೈಸೆನ್ಸ್ ಪಡೆದು. ಅಶೋಕ್ ಲೇಲ್ಯಾಂಡ್ ಹೆಸರಿನಲ್ಲಿರುವುದೂ ಅದೇ ಲೇಲ್ಯಾಂಡ್. 1987ರಲ್ಲಿ ಬ್ರಿಟನ್ನಿನ ಲೇಲ್ಯಾಂಡ್ ಲಾರಿ ವಿಭಾಗ ಡಾಫ್ ಜೊತೆ ಸೇರಿತು. 1993ರಲ್ಲಿ ಕಂಪನಿ ದಿವಾಳಿಯಾಗಿ, ಮತ್ತೆ ಎದ್ದು, 1996ರಲ್ಲಿ ಪ್ಯಾಕಾರ್ ಕೈಸೇರಿತು.

ಡಾಫ್ ಬಿಟ್ಟರೆ ವೈಕೆನ್ ಊರಿನ ಎಫ್‌ಟಿಎಫ್, ಆಮ್‌ಸ್ಟರ್‌ಡ್ಯಾಮಿನ ಕ್ರೋಮ್‌ಹೌಟ್ ಲಾರಿಗಳಿಗೂ ನಿಷ್ಠಾವಂತ ಅಭಿಮಾನಿಗಳಿದ್ದಾರೆ.

ಬಿಡಿಭಾಗ ಎಲ್ಲಿ ಸಿಗುತ್ತದೆ?

ಮೊದಲು ಡಾಫ್ ಕ್ಲಬ್ಬಿಗೆ ಸೇರಿ, ಆಮೇಲೆ ಕಾರು ಕೊಳ್ಳಿ. ನೆದರ್‌ಲ್ಯಾಂಡ್ಸ್‌ನಲ್ಲಿ, ಜರ್ಮನಿಯಲ್ಲಿ, ಬ್ರಿಟನ್ನಿನಲ್ಲಿ ಕ್ಲಬ್ಬುಗಳಿವೆ. ಬೆಲ್ಟು, ರಬ್ಬರ್ ಭಾಗ, ಬ್ರೇಕ್ ಸಾಮಾನು ಸದಸ್ಯರಿಗೆ ಸಿಗುತ್ತದೆ. 55, 66ರ ಎಂಜಿನ್ ಭಾಗಗಳಿಗೆ ಹಳೆಯ ರೆನೊ ಸಾಮಾನು ಮಾರುವವರೇ ಸಾಕು. ಕಷ್ಟವಾಗುವುದು ಬಾಡಿಯ ತಗಡು, ಒಳಗಿನ ಪ್ಲಾಸ್ಟಿಕ್, ವ್ಯಾನಿನ ಹಿಂಬಾಗಿಲು. ಹಳೆ ವಾಹನದ ಸಂತೆಗಳಲ್ಲಿ ಇಂಥದ್ದು ಕಂಡರೆ ಬೇಕಿಲ್ಲದಿದ್ದರೂ ಕೊಂಡಿಡಿ. ನಿಮಗಲ್ಲದಿದ್ದರೆ ಇನ್ನೊಬ್ಬರಿಗೆ ಬೇಕಾಗುತ್ತದೆ, ನಿಮಗೆ ಬೇಕಾದದ್ದು ಅವರ ಅಟ್ಟದಲ್ಲಿರುತ್ತದೆ.

ಯಾವ ಪೆಟ್ರೋಲ್ ಹಾಕಬೇಕು?

ಎಥೆನಾಲ್ ಕಡಿಮೆ ಇರುವುದು. ಇಲ್ಲಿನ ಬಂಕುಗಳಲ್ಲಿ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ಶೇಕಡಾ 10ರವರೆಗೆ ಎಥೆನಾಲ್. ಹಳೆಯ ರಬ್ಬರ್ ಪೈಪು, ಕಾರ್ಬ್ಯುರೇಟರಿನ ಡಯಾಫ್ರಂ ಅದನ್ನು ತಾಳುವುದಿಲ್ಲ. ಸೂಪರ್ ಪಂಪಿನ ಇ5 ಹಾಕಿ. ಪೈಪುಗಳನ್ನು ಹೊಸ ಬಗೆಯದಕ್ಕೆ ಬದಲಾಯಿಸಿ, ಖರ್ಚು ಅಲ್ಪ, ಬೆಂಕಿಯ ಭಯ ತಪ್ಪುತ್ತದೆ.

ಓಡಿಸುವಾಗ ವಿಶೇಷ ಎಚ್ಚರಿಕೆ ಏನಾದರೂ?

ಚೋಕ್ ಎಳೆದಿರುವಾಗ ಎಂಜಿನ್ ವೇಗವಾಗಿ ತಿರುಗುತ್ತದೆ, ಆಗ ಲಿವರನ್ನು ಮುಂದಕ್ಕೆ ದೂಡಿದರೆ ಕ್ಲಚ್ ತಾನೇ ಹಿಡಿದು ಕಾರು ನೆಗೆಯುತ್ತದೆ. ಕಾಲು ಬ್ರೇಕಿನ ಮೇಲಿರಲಿ, ಮುಂದೆ ಯಾರೂ ನಿಂತಿರಬಾರದು. ಮೊದಲ ಸಲ ಓಡಿಸುವ ಸ್ನೇಹಿತರಿಗೆ ಕೀಲಿ ಕೊಡುವಾಗ ಇದನ್ನು ಹೇಳಲೇಬೇಕು. ಇನ್ನು, ಆಕ್ಸಿಲರೇಟರ್ ತುಳಿದ ಕೂಡಲೇ ಎಂಜಿನ್ ಕೂಗುತ್ತದೆ, ವೇಗ ಆಮೇಲೆ ಬರುತ್ತದೆ. ಕೂಗು ಕೇಳಿ ಕಾಲು ತೆಗೆಯಬೇಡಿ, ಅದು ಅದರ ಸಹಜ ರೀತಿ. ಹಳೆಯ ಮಾಡೆಲ್‌ಗಳಲ್ಲಿ ತಿರುವಿನ ನಡುವೆ ಬ್ರೇಕ್ ಹಾಕುವುದು ಒಳ್ಳೆಯದಲ್ಲ, ತಿರುವಿಗೆ ಮೊದಲೇ ನಿಧಾನ ಮಾಡಿ.

ಹದಿನೈದು ದಿನಕ್ಕೊಮ್ಮೆಯಾದರೂ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ. ನಿಂತ ಡಾಫ್ ಬೇಗ ಹಾಳಾಗುತ್ತದೆ.

ತೆರಿಗೆ, ತಪಾಸಣೆ, ವಿಮೆ?

ನೆದರ್‌ಲ್ಯಾಂಡ್ಸ್‌ನಲ್ಲಿ 40 ವರ್ಷ ದಾಟಿದ ವಾಹನಕ್ಕೆ ರಸ್ತೆ ತೆರಿಗೆ ಇಲ್ಲ. 50 ವರ್ಷ ದಾಟಿದ ಕಾರಿಗೆ ಕಡ್ಡಾಯ ತಪಾಸಣೆಯೂ ಇಲ್ಲ. ಕಡ್ಡಾಯವಿಲ್ಲ ಎಂದು ಬಿಡಬೇಡಿ, ಬ್ರೇಕನ್ನಂತೂ ಪ್ರತಿ ವರ್ಷ ತಿಳಿದವರಿಂದ ತೋರಿಸಿ. ಹಳೆ ವಾಹನದ ವಿಮೆ ಅಗ್ಗ, ಆದರೆ ವರ್ಷಕ್ಕೆ ಇಂತಿಷ್ಟೇ ಕಿಲೋಮೀಟರ್ ಎಂಬ ಮಿತಿ ಇರುತ್ತದೆ, ದಿನಬಳಕೆಗೆ ಬೇರೆ ಕಾರು ಇರಬೇಕು ಎನ್ನುವವರೂ ಇದ್ದಾರೆ. ಮೌಲ್ಯಮಾಪಕರಿಂದ ಬೆಲೆಯ ವರದಿ ಬರೆಸಿಡಿ. ಅದಿಲ್ಲದೆ ಅಪಘಾತವಾದರೆ ವಿಮೆಯವರು ಕೊಡುವುದು ಗುಜರಿ ಬೆಲೆ. 1978ಕ್ಕಿಂತ ಹಿಂದಿನ ಕಾರಿಗೆ ನೀಲಿ ಹಲಗೆಯ ಮೇಲೆ ಬಿಳಿ ಅಕ್ಷರದ ಹಳೆಯ ನಂಬರ್ ಪ್ಲೇಟ್ ಹಾಕಬಹುದು, ಹಾಕಿ, ಬಹಳ ಒಪ್ಪುತ್ತದೆ.

ಕೊಳ್ಳುವ ಮೊದಲು ಎಲ್ಲ ಮಾಡೆಲ್ ಒಂದೇ ಕಡೆ ನೋಡಬಹುದೇ?

ಐಂಡ್‌ಹೋವನ್‌ನ ಟೊಂಗೆಲ್‌ರೆಸೆಸ್ಟ್ರಾಟ್ ರಸ್ತೆಯಲ್ಲಿ ಡಾಫ್ ಮ್ಯೂಸಿಯಂ ಇದೆ, ಹುಬ್ ಫಾನ್ ಡೋರ್ನ ಕೆಲಸ ಶುರುಮಾಡಿದ ಜಾಗದಲ್ಲೇ. ಕಾರು, ಲಾರಿ, ಸೇನೆಯ ಗಾಡಿ, ರೇಸ್ ಕಾರು ಎಲ್ಲವೂ ಇವೆ. ಬೆಲ್ಟಿನಿಂದ ಓಡುವ ಕಾರು ಫಾರ್ಮುಲಾ 3 ಓಟಕ್ಕೂ ಇಳಿದಿತ್ತು ಎಂದರೆ ನಂಬದವರು ಅಲ್ಲಿಗೆ ಹೋಗಬೇಕು. 1987ರಲ್ಲಿ ಯಾನ್ ಡ ರೋಯ್ ಡಾಫ್ ಲಾರಿಯಲ್ಲಿ ಡಾಕರ್ ರ‍್ಯಾಲಿಯ ಲಾರಿ ವಿಭಾಗ ಗೆದ್ದ ಕಥೆಯೂ ಅಲ್ಲಿನ ಹಿರಿಯ ಸ್ವಯಂಸೇವಕರ ಬಾಯಲ್ಲಿ ಸಿಗುತ್ತದೆ. ಅವರಲ್ಲಿ ಕಾರ್ಖಾನೆಯಲ್ಲಿ ದುಡಿದವರಿದ್ದಾರೆ. ಹಿಂಜರಿಯದೆ ಮಾತಾಡಿಸಿ, ಪುಸ್ತಕದಲ್ಲಿಲ್ಲದ್ದು ಅವರಿಗೆ ಗೊತ್ತು.

ಬೆಂಗಳೂರಿಗೆ ಒಂದು ಡಾಫ್ ತರಿಸಿಕೊಳ್ಳಬಹುದೇ?

ಕಾಗದದ ಮಟ್ಟಿಗೆ ಈಗ ದಾರಿಯಿದೆ. ಮೊದಲು 1950ಕ್ಕಿಂತ ಹಿಂದಿನ ವಾಹನಕ್ಕೆ ಮಾತ್ರ ಇದ್ದ ಆಮದು ಸಡಿಲಿಕೆ 2025ರಲ್ಲಿ 50 ವರ್ಷ ತುಂಬಿದ ವಾಹನಗಳಿಗೆ ವಿಸ್ತರಿಸಿತು. 2021ರ ನಿಯಮದಂತೆ ವಿಂಟೇಜ್ ನೋಂದಣಿಗೆ 20,000 ರೂಪಾಯಿ ಶುಲ್ಕ, ‘ವಿಎ’ ಅಕ್ಷರದ ನಂಬರ್. ಆದರೆ ಸುಂಕ ಭಾರಿ, ಮತ್ತು ಆ ನೋಂದಣಿಯ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮೇ ತಿಂಗಳಲ್ಲಿ ನಿಂತು ನಿಂತು ಸಾಗುವಾಗ ಗಾಳಿಯಿಂದ ತಣಿಯುವ ಎಂಜಿನ್, ಅರೆಹಿಡಿತದಲ್ಲಿ ಉಜ್ಜುವ ಕ್ಲಚ್ ಎರಡೂ ಬಳಲುತ್ತವೆ. ನಮ್ಮಲ್ಲಿ ಈಗ ಸಿಗುವ ಪೆಟ್ರೋಲ್ ಇ20. ಬೆಲ್ಟು ಹರಿದರೆ ಐಂಡ್‌ಹೋವನ್‌ನಿಂದ ತರಿಸಬೇಕು. ಹಳೆ ಗಾಡಿಯ ಪ್ರೀತಿ ಊರಿನಲ್ಲಿ ತೀರಿಸಿಕೊಳ್ಳಬೇಕೆಂದರೆ ನಮ್ಮ ರಸ್ತೆಯಲ್ಲೇ ದುಡಿದು ಮರೆಯಾಗುತ್ತಿರುವ ಮ್ಯಾಟಡೋರ್, ಟೆಂಪೊ ಹ್ಯಾನ್‌ಸೀಟ್, ಸ್ಟ್ಯಾಂಡರ್ಡ್ 20 ವ್ಯಾನುಗಳಿವೆ. ಅವನ್ನು ಉಳಿಸುವವರೂ ಬೇಕಾಗಿದ್ದಾರೆ.

ಒಂದು ಕೊಂಡಾಯಿತು. ಎರಡನೆಯದು ಯಾವಾಗ?

ಮೊದಲನೆಯದು ಸೂರಿನಡಿ ಒಣಗಿ ನಿಂತಿರಬೇಕು, ಒಂದು ಇಡೀ ವರ್ಷ ಓಡಿರಬೇಕು, ಅದರ ಬೆಲ್ಟನ್ನು ನೀವೇ ಒಮ್ಮೆ ಬದಲಾಯಿಸಿರಬೇಕು. ಇಷ್ಟಾಗದೆ ಎರಡನೆಯದು ತಂದವರ ಹಿತ್ತಲಿನಲ್ಲಿ ಟಾರ್ಪಾಲಿನ ಕೆಳಗೆ ಎರಡೂ ಕೊಳೆಯುವುದನ್ನು ನೋಡಿದ್ದೇನೆ. ಟಾರ್ಪಾಲು ತೇವವನ್ನು ಒಳಗೇ ಹಿಡಿದಿಡುತ್ತದೆ, ಬಯಲಿನಲ್ಲಿ ಬಿಟ್ಟದ್ದಕ್ಕಿಂತ ಬೇಗ ತುಕ್ಕು ತಿನ್ನುತ್ತದೆ. ರೈತರ ಖಾಲಿ ಕಣಜಗಳಲ್ಲಿ ತಿಂಗಳ ಬಾಡಿಗೆಗೆ ಜಾಗ ಸಿಗುತ್ತದೆ. ಚಳಿಗಾಲದ ಮುಂಚೆ ತುಂಬಿಬಿಡುತ್ತವೆ, ಆದ್ದರಿಂದ ಆಗಸ್ಟ್‌ನಲ್ಲೇ ವಿಚಾರಿಸಿ.